ಎಲ್ ಬುಲ್ಲಿ

ಎಲ್ ಬುಲ್ಲಿ ಸ್ಪೇನ್ ದೇಶದ ಈಶಾನ್ಯ ಭಾಗವಾದ ಕ್ಯಾಟಲೋನಿಯಾದಲ್ಲಿ, ರೋಸಸ್ ಪಟ್ಟಣದ ಸಮೀಪ ಕಾಲಾ ಮೊಂಟ್‌ಜೋಯ್ ಎಂಬ ಸಣ್ಣ ಕೊಲ್ಲಿಯ ದಂಡೆಯಲ್ಲಿದ್ದ ಪ್ರಸಿದ್ಧ ರೆಸ್ಟೋರೆಂಟ್. 1964ರಲ್ಲಿ ಆರಂಭವಾದ ಇದು 2011ರ ಜುಲೈ 30ರಂದು ಕೊನೆಯ ಬಾರಿಗೆ ಊಟ ಬಡಿಸಿ ಬಾಗಿಲು ಮುಚ್ಚಿತು. ಮುಖ್ಯ ಬಾಣಸಿಗ ಫೆರಾನ್ ಅಡ್ರಿಯಾ ಮತ್ತು ವ್ಯವಸ್ಥಾಪಕ ಜೂಲಿ ಸೊಲೆರ್ ಅವರ ನೇತೃತ್ವದಲ್ಲಿ ಇದು ಮಿಶೆಲಿನ್ ಮಾರ್ಗದರ್ಶಿಯ ಅತ್ಯುನ್ನತ ಮನ್ನಣೆಯಾದ ಮೂರು ನಕ್ಷತ್ರಗಳನ್ನು ಪಡೆಯಿತು. ಬ್ರಿಟನ್ನಿನ ‘ರೆಸ್ಟೋರೆಂಟ್’ ಪತ್ರಿಕೆ ಪ್ರಕಟಿಸುತ್ತಿದ್ದ ಜಗತ್ತಿನ ಐವತ್ತು ಶ್ರೇಷ್ಠ ರೆಸ್ಟೋರೆಂಟುಗಳ ಪಟ್ಟಿಯಲ್ಲಿ 2002ರಲ್ಲಿ ಮತ್ತು 2006ರಿಂದ 2009ರವರೆಗೆ, ಒಟ್ಟು ಐದು ಬಾರಿ ಮೊದಲ ಸ್ಥಾನದಲ್ಲಿತ್ತು.

ಆಹಾರದ ನೊರೆ, ದ್ರವವನ್ನು ತೆಳುಪೊರೆಯೊಳಗೆ ಹಿಡಿದಿಡುವ ಗೋಳೀಕರಣ, ಪರಿಚಿತ ಖಾದ್ಯವನ್ನು ಬಿಡಿಭಾಗಗಳಾಗಿ ಒಡೆದು ಮತ್ತೆ ಕಟ್ಟುವ ವಿಘಟನೆ ಮೊದಲಾದ ವಿಧಾನಗಳು ಈ ಅಡುಗೆಮನೆಯ ಮೂಲಕ ಜಗತ್ತಿನಾದ್ಯಂತ ಹರಡಿದವು. ಪ್ರತಿ ವರ್ಷವೂ ಹೊಸ ಖಾದ್ಯಗಳನ್ನು ರೂಪಿಸಿ ಹಳೆಯವನ್ನು ಕೈಬಿಡುವುದು ಇಲ್ಲಿಯ ಪದ್ಧತಿಯಾಗಿತ್ತು. ಒಮ್ಮೆ ಸವಿದ ಖಾದ್ಯವನ್ನು ಮರಳಿ ಬಂದು ಸವಿಯುವ ಅವಕಾಶ ವಿರಳವಾಗಿದ್ದುದರಿಂದ, ಎಲ್ ಬುಲ್ಲಿಯ ಅಡುಗೆ ಇಂದು ಉಳಿದಿರುವುದು ಅದರದೇ ದಾಖಲೆಗಳಲ್ಲಿ ಹಾಗೂ ಅಲ್ಲಿ ಉಂಡವರು ಬರೆದಿಟ್ಟ ಅನುಭವಗಳಲ್ಲಿ.

## ಸ್ಥಳ ಮತ್ತು ಹೆಸರು

ರೋಸಸ್ ಪಟ್ಟಣವು ಫ್ರಾನ್ಸ್ ಗಡಿಗೆ ಹತ್ತಿರವಿರುವ ಕೋಸ್ಟಾ ಬ್ರಾವಾ ಎಂಬ ಮೆಡಿಟರೇನಿಯನ್ ಕರಾವಳಿಯಲ್ಲಿದೆ. ಪಟ್ಟಣದಿಂದ ಕಾಲಾ ಮೊಂಟ್‌ಜೋಯ್ ತಲುಪಲು ಸಮುದ್ರದ ಮೇಲ್ಬದಿಯ ಗುಡ್ಡಗಳಲ್ಲಿ ಅನೇಕ ತಿರುವುಗಳಿರುವ ಕಿರಿದಾದ ರಸ್ತೆಯಲ್ಲಿ ಸಾಗಬೇಕು. ಕೊಲ್ಲಿಯ ಸುತ್ತಲಿನ ಪ್ರದೇಶ ಕ್ಯಾಪ್ ದೆ ಕ್ರೆಯೂಸ್ ನಿಸರ್ಗಧಾಮಕ್ಕೆ ಸೇರಿದೆ.

ಈ ಜಾಗವನ್ನು ಮೊದಲು ಕೊಂಡವರು ಜರ್ಮನಿಯ ವೈದ್ಯ ಹಾನ್ಸ್ ಶಿಲ್ಲಿಂಗ್ ಮತ್ತು ಅವರ ಪತ್ನಿ ಮಾರ್ಕೆಟಾ. ಅವರು ಸಾಕಿದ್ದ ಫ್ರೆಂಚ್ ಬುಲ್‌ಡಾಗ್ ತಳಿಯ ನಾಯಿಗಳನ್ನು ಮುದ್ದಿನಿಂದ ‘ಬುಲ್ಲಿ’ ಎಂದು ಕರೆಯಲಾಗುತ್ತಿತ್ತು. ಅದೇ ರೆಸ್ಟೋರೆಂಟಿನ ಹೆಸರಾಯಿತು.

## ಇತಿಹಾಸ

### ಆರಂಭದ ವರ್ಷಗಳು

ಶಿಲ್ಲಿಂಗ್ ದಂಪತಿಗೆ 1961ರಲ್ಲಿ ದೊರೆತದ್ದು ಕಿರು ಗಾಲ್ಫ್ ಅಂಗಣವೊಂದನ್ನು ನಡೆಸುವ ಪರವಾನಗಿ. ಬಳಿಕ ಅಲ್ಲಿ ಕಡಲತೀರಕ್ಕೆ ಬರುವ ಪ್ರವಾಸಿಗರಿಗಾಗಿ ಸಣ್ಣ ಪಾನೀಯದಂಗಡಿ ತೆರೆಯಿತು. 1964ರಲ್ಲಿ ಸುಟ್ಟ ಮೀನು ಮತ್ತು ಮಾಂಸದ ಅಡುಗೆಯೊಂದಿಗೆ ಅದು ರೆಸ್ಟೋರೆಂಟ್ ಆಯಿತು. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಬಾಣಸಿಗ ಜಾನ್ ಲೂಯಿ ನೈಶೆಲ್ ಅವರ ಕಾಲದಲ್ಲಿ, 1976ರಲ್ಲಿ, ಮಿಶೆಲಿನ್ ಮಾರ್ಗದರ್ಶಿಯ ಮೊದಲ ನಕ್ಷತ್ರ ಬಂದಿತು. ಆ ದಿನಗಳ ಅಡುಗೆ ಸಂಪೂರ್ಣವಾಗಿ ಫ್ರೆಂಚ್ ಮಾದರಿಯದಾಗಿತ್ತು. 1981ರಲ್ಲಿ ಜೂಲಿ ಸೊಲೆರ್ ವ್ಯವಸ್ಥಾಪಕರಾಗಿ ಸೇರಿಕೊಂಡರು.

### ಅಡ್ರಿಯಾ ಅವರ ಆಗಮನ

ಫೆರಾನ್ ಅಡ್ರಿಯಾ 1962ರ ಮೇ 14ರಂದು ಬಾರ್ಸಿಲೋನಾ ಪಕ್ಕದ ಎಲ್ ಓಸ್ಪಿಟಾಲೆಟ್ ದೆ ಯೊಬ್ರೆಗಾಟ್ ಪಟ್ಟಣದಲ್ಲಿ ಜನಿಸಿದರು. ಅವರು ಯಾವುದೇ ಪಾಕಶಾಲೆಯಲ್ಲಿ ಓದಿದವರಲ್ಲ. ಪ್ರವಾಸಕ್ಕೆ ಹಣ ಕೂಡಿಸಲೆಂದು ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿ, ಅಲ್ಲಿಯೇ ಅಡುಗೆಯ ಮೊದಲ ಪಾಠಗಳನ್ನು ಕಲಿತರು. ಕಡ್ಡಾಯ ಸೇನಾ ಸೇವೆಯ ಅವಧಿಯಲ್ಲಿ ನೌಕಾಪಡೆಯ ಅಡುಗೆಮನೆಯಲ್ಲಿ ದುಡಿದರು. 1983ರ ಆಗಸ್ಟ್‌ನಲ್ಲಿ, ಸೇವೆಯ ನಡುವೆ ದೊರೆತ ಒಂದು ತಿಂಗಳ ರಜೆಯನ್ನು ಎಲ್ ಬುಲ್ಲಿಯಲ್ಲಿ ಕೆಲಸ ಮಾಡುತ್ತ ಕಳೆದರು. ಮರುವರ್ಷ ಅಲ್ಲಿಯೇ ನೌಕರರಾಗಿ ಸೇರಿದರು. 1985ರಲ್ಲಿ ಅವರ ತಮ್ಮ ಆಲ್ಬರ್ಟ್ ಅಡ್ರಿಯಾ ಬಂದು, ಮುಂದೆ ಸಿಹಿತಿನಿಸುಗಳ ವಿಭಾಗದ ಹೊಣೆ ಹೊತ್ತರು.

1987ರಲ್ಲಿ ಫೆರಾನ್ ಅಡ್ರಿಯಾ ಅಡುಗೆಮನೆಯ ಏಕೈಕ ಮುಖ್ಯಸ್ಥರಾದರು. ಸೃಜನಶೀಲತೆಯೆಂದರೆ ಇನ್ನೊಬ್ಬರನ್ನು ಅನುಕರಿಸದಿರುವುದು ಎಂಬ ಅರ್ಥದ ಮಾತನ್ನು ಅದೇ ವರ್ಷ ಫ್ರೆಂಚ್ ಬಾಣಸಿಗ ಜಾಕ್ ಮ್ಯಾಕ್ಸಿಮಾಂ ಅವರಿಂದ ಕೇಳಿದ್ದು ತಮ್ಮ ದಾರಿಯನ್ನೇ ಬದಲಿಸಿತೆಂದು ಅಡ್ರಿಯಾ ಅನೇಕ ಬಾರಿ ಹೇಳಿದ್ದಾರೆ. ಆ ನಂತರ ಫ್ರೆಂಚ್ ಪಾಕಗ್ರಂಥಗಳನ್ನು ಅನುಸರಿಸುವುದನ್ನು ಬಿಟ್ಟು ಸ್ವಂತ ಪ್ರಯೋಗಗಳನ್ನು ಆರಂಭಿಸಿದರು. ಚಳಿಗಾಲದಲ್ಲಿ ಗಿರಾಕಿಗಳಿಲ್ಲದೆ ರೆಸ್ಟೋರೆಂಟನ್ನು ಮುಚ್ಚಬೇಕಾಗುತ್ತಿತ್ತು. ಆ ಬಿಡುವಿನ ತಿಂಗಳುಗಳನ್ನೇ ಹೊಸ ಖಾದ್ಯಗಳ ಶೋಧಕ್ಕೆ ಬಳಸಿಕೊಳ್ಳಲಾಯಿತು.

1990ರಲ್ಲಿ ಅಡ್ರಿಯಾ ಮತ್ತು ಸೊಲೆರ್ ರೆಸ್ಟೋರೆಂಟಿನ ಒಡೆಯರಾದರು. ಅದೇ ವರ್ಷ ಎರಡು ನಕ್ಷತ್ರಗಳ ಶ್ರೇಣಿ ದೊರೆಯಿತು. 1997ರಲ್ಲಿ ಮೂರನೆಯ ನಕ್ಷತ್ರ ಸಂದಿತು. ಪ್ರಯೋಗಗಳಿಗೆಂದೇ ಬಾರ್ಸಿಲೋನಾ ನಗರದಲ್ಲಿ ಪ್ರತ್ಯೇಕ ಕಾರ್ಯಾಗಾರವೊಂದನ್ನೂ ಸ್ಥಾಪಿಸಲಾಯಿತು. ವರ್ಷದ ಸುಮಾರು ಆರು ತಿಂಗಳು ಊಟ ಬಡಿಸುವುದು, ಉಳಿದ ಆರು ತಿಂಗಳು ಕಾರ್ಯಾಗಾರದಲ್ಲಿ ಮುಂದಿನ ಋತುವಿನ ಖಾದ್ಯಗಳನ್ನು ಸಿದ್ಧಪಡಿಸುವುದು ಎಂಬ ಕ್ರಮ ಹೀಗೆ ನೆಲೆಗೊಂಡಿತು.

## ಭೋಜನದ ಕ್ರಮ

ಕೊನೆಯ ದಶಕದಲ್ಲಿ ಎಲ್ ಬುಲ್ಲಿಯಲ್ಲಿ ರಾತ್ರಿಯ ಊಟ ಮಾತ್ರ ಇರುತ್ತಿತ್ತು. ಒಂದು ರಾತ್ರಿಗೆ ಸುಮಾರು 50 ಅತಿಥಿಗಳಿಗೆ ಸ್ಥಳಾವಕಾಶವಿತ್ತು. ಅವರಿಗಾಗಿ ಅಡುಗೆಮನೆಯಲ್ಲಿ ದುಡಿಯುತ್ತಿದ್ದವರ ಸಂಖ್ಯೆಯೂ ಬಹುತೇಕ ಅಷ್ಟೇ ಇತ್ತು. ಪಟ್ಟಿ ನೋಡಿ ತಮಗೆ ಬೇಕಾದ ಖಾದ್ಯವನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಕೈಬಿಟ್ಟು, ಬಾಣಸಿಗರೇ ನಿರ್ಧರಿಸಿದ ಖಾದ್ಯಗಳನ್ನು ಒಂದಾದ ಮೇಲೊಂದರಂತೆ ಬಡಿಸುವ ಟೇಸ್ಟಿಂಗ್ ಮೆನು ಕ್ರಮವನ್ನಷ್ಟೇ ಉಳಿಸಿಕೊಳ್ಳಲಾಯಿತು. ಒಂದು ಊಟದಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಗಳಿರುತ್ತಿದ್ದವು. ಹೆಚ್ಚಿನವು ಒಂದೆರಡು ತುತ್ತಿನಷ್ಟೇ ಇದ್ದವು. ಊಟ ಹಲವು ಗಂಟೆಗಳ ಕಾಲ ನಡೆಯುತ್ತಿತ್ತು.

ಬಂದ ಅತಿಥಿಗಳನ್ನು ಮೊದಲು ಅಡುಗೆಮನೆಗೆ ಕರೆದೊಯ್ದು ಅಡ್ರಿಯಾ ಅವರಿಗೆ ಪರಿಚಯಿಸುವುದು ವಾಡಿಕೆಯಾಗಿತ್ತು. ಬಳಿಕ ಕಡಲಿಗೆ ಎದುರಾಗಿರುವ ಜಗಲಿಯಲ್ಲಿ ಪಾನೀಯ ಮತ್ತು ಕೈಯಲ್ಲಿ ಹಿಡಿದು ತಿನ್ನುವ ಕಿರುತಿಂಡಿಗಳು ಬರುತ್ತಿದ್ದವು. ಆ ನಂತರ ಒಳಾಂಗಣದಲ್ಲಿ ಮುಖ್ಯ ಭೋಜನ, ಕೊನೆಯಲ್ಲಿ ಸಿಹಿ. ಮತ್ತೆ ಬಂದ ಅತಿಥಿಗೆ ಹಿಂದೆ ಬಡಿಸಿದ್ದನ್ನೇ ಬಡಿಸದಂತೆ, ಯಾರಿಗೆ ಏನು ಕೊಡಲಾಗಿತ್ತೆಂಬ ದಾಖಲೆಯನ್ನು ಇಟ್ಟುಕೊಳ್ಳಲಾಗುತ್ತಿತ್ತು.

ಒಂದು ಋತುವಿನಲ್ಲಿ ಒಟ್ಟು ಸುಮಾರು 8,000 ಮಂದಿಗೆ ಮಾತ್ರ ಅವಕಾಶವಿತ್ತು. ಖ್ಯಾತಿ ಉತ್ತುಂಗದಲ್ಲಿದ್ದಾಗ ಸ್ಥಳ ಕಾಯ್ದಿರಿಸುವಂತೆ ಬರುತ್ತಿದ್ದ ಕೋರಿಕೆಗಳು ವರ್ಷಕ್ಕೆ 20 ಲಕ್ಷದವರೆಗೆ ಮುಟ್ಟಿದ್ದವೆಂದು ವರದಿಯಾಗಿದೆ. ಈ ಲೆಕ್ಕದಂತೆ, ಕಾಯ್ದಿರಿಸಲು ಕೇಳಿಕೊಂಡ 250 ಮಂದಿಯಲ್ಲಿ ಒಬ್ಬರಿಗಷ್ಟೇ ಜಾಗ ಸಿಗುತ್ತಿತ್ತು. ಕೊನೆಯ ವರ್ಷಗಳಲ್ಲಿ ಒಬ್ಬರ ಊಟದ ಬೆಲೆ ಸುಮಾರು 250 ಯೂರೋಗಳಷ್ಟಿತ್ತು.

## ಪ್ರಮುಖ ತಂತ್ರಗಳು ಮತ್ತು ಖಾದ್ಯಗಳು

### ನೊರೆ

ಪಾರಂಪರಿಕ ಫ್ರೆಂಚ್ ಅಡುಗೆಯಲ್ಲಿ ಖಾದ್ಯವನ್ನು ಹಗುರವಾಗಿಸಲು ಕೆನೆ ಅಥವಾ ಮೊಟ್ಟೆಯ ಬಿಳಿಭಾಗವನ್ನು ಕಡೆದು ಸೇರಿಸುತ್ತಾರೆ. ಇದರಿಂದ ಮೂಲ ಪದಾರ್ಥದ ರುಚಿ ಮಂಕಾಗುತ್ತದೆ. ಎಲ್ ಬುಲ್ಲಿಯಲ್ಲಿ ತರಕಾರಿ ಅಥವಾ ಹಣ್ಣಿನ ರಸಕ್ಕೆ ಸ್ವಲ್ಪ ಜೆಲಟಿನ್ ಬೆರೆಸಿ, ಕೆನೆ ಉಬ್ಬಿಸಲು ಬಳಸುವ ಸೈಫನ್ ಎಂಬ ಡಬ್ಬಿಯಲ್ಲಿ ತುಂಬಿ, ನೈಟ್ರಸ್ ಆಕ್ಸೈಡ್ ಅನಿಲದ ಒತ್ತಡದಿಂದ ನೊರೆಯಾಗಿಸಲಾಯಿತು. 1994ರಲ್ಲಿ ಬಡಿಸಿದ ಬಿಳಿ ಹುರುಳಿಕಾಯಿ ಬೀಜದ ನೊರೆ ಈ ಸಾಲಿನಲ್ಲಿ ಮೊದಲನೆಯದು. ಸ್ಪ್ಯಾನಿಷ್ ಭಾಷೆಯಲ್ಲಿ ನೊರೆಗಿರುವ ‘ಎಸ್ಪೂಮಾ’ ಎಂಬ ಪದವೇ ಈ ತಂತ್ರದ ಹೆಸರಾಗಿ ಬೇರೆ ದೇಶಗಳ ಅಡುಗೆಮನೆಗಳಿಗೂ ಹೋಯಿತು.

### ವಿಘಟನೆ

ಎಲ್ಲರಿಗೂ ಗೊತ್ತಿರುವ ಖಾದ್ಯದ ಪ್ರತಿಯೊಂದು ಅಂಶವನ್ನೂ ಬೇರ್ಪಡಿಸಿ, ಅದರ ರೂಪ, ಬಿಸಿ ಮತ್ತು ಗಟ್ಟಿತನಗಳನ್ನು ಬದಲಿಸಿ, ರುಚಿಯನ್ನು ಮಾತ್ರ ಹಾಗೆಯೇ ಉಳಿಸುವುದು ವಿಘಟನೆಯ ಉದ್ದೇಶ. 1995ರ ‘ಚಿಕನ್ ಕರಿ’ ಇದಕ್ಕೆ ಉತ್ತಮ ನಿದರ್ಶನ. ಸಾಮಾನ್ಯವಾಗಿ ಈ ಖಾದ್ಯದಲ್ಲಿ ಕೋಳಿ ಘನರೂಪದಲ್ಲಿಯೂ ಮಸಾಲೆ ದ್ರವರೂಪದಲ್ಲಿಯೂ ಇರುತ್ತವೆ. ಎಲ್ ಬುಲ್ಲಿಯಲ್ಲಿ ಮಸಾಲೆ ಐಸ್‌ಕ್ರೀಮ್ ಆಯಿತು. ಕೋಳಿ ಅದರ ಸುತ್ತಲಿನ ರಸವಾಯಿತು. ತಟ್ಟೆಯಲ್ಲಿರುವುದನ್ನು ನೋಡಿ ಗುರುತಿಸಲಾಗದಿದ್ದರೂ ಬಾಯಿಗಿಟ್ಟೊಡನೆ ಹೆಸರು ನೆನಪಾಗುತ್ತಿತ್ತು. ಮೂಲ ಖಾದ್ಯದ ನೆನಪಿಲ್ಲದವರಿಗೆ ಇಂತಹ ಊಟ ಅರ್ಧವಷ್ಟೇ ದಕ್ಕುವುದರಿಂದ, ಉಣ್ಣುವವರ ಸ್ಮೃತಿಯೂ ಇಲ್ಲಿ ಅಡುಗೆಯ ಒಂದು ಸಾಮಗ್ರಿಯಾಗಿದೆ.

### ಗೋಳೀಕರಣ

ಗೋಳೀಕರಣವು ಎಲ್ ಬುಲ್ಲಿಯ ಹೆಸರಿನೊಂದಿಗೆ ಅತ್ಯಂತ ನಿಕಟವಾಗಿ ಸೇರಿಹೋಗಿರುವ ತಂತ್ರ. ಕಂದು ಕಡಲಕಳೆಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್ ಎಂಬ ಪದಾರ್ಥವು ಕ್ಯಾಲ್ಸಿಯಂ ಲವಣದೊಂದಿಗೆ ಕೂಡಿದಾಗ ಮೃದುವಾದ ಜೆಲ್ ಆಗುತ್ತದೆ. ಆಲ್ಜಿನೇಟ್ ಬೆರೆಸಿದ ರಸವನ್ನು ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿಗೆ ಹನಿಹನಿಯಾಗಿ ಬಿಟ್ಟರೆ, ಪ್ರತಿ ಹನಿಯ ಹೊರಮೈಯಲ್ಲಿ ತೆಳುವಾದ ಪೊರೆ ಮೂಡಿ ಒಳಗಿನ ರಸ ದ್ರವವಾಗಿಯೇ ಉಳಿಯುತ್ತದೆ. 2003ರಲ್ಲಿ ಈ ವಿಧಾನದಿಂದ ಕರಬೂಜದ ರಸವನ್ನು ಮೀನಿನ ಮೊಟ್ಟೆಗಳಂತೆ ಕಾಣುವ ಕಾಳುಗಳನ್ನಾಗಿ ಮಾಡಿ ಬಡಿಸಲಾಯಿತು. ಆಲ್ಜಿನೇಟ್‌ನ ಈ ಗುಣ ಆಹಾರೋದ್ಯಮಕ್ಕೆ 1940ರ ದಶಕದಲ್ಲಿಯೇ ತಿಳಿದಿತ್ತು. ಅದನ್ನು ಉನ್ನತ ದರ್ಜೆಯ ಊಟದ ಮೇಜಿಗೆ ತಂದದ್ದು ಎಲ್ ಬುಲ್ಲಿಯ ಕೊಡುಗೆ.

ಈ ವಿಧಾನಕ್ಕೆ ಒಂದು ಮಿತಿಯಿತ್ತು. ನೀರಿನಿಂದ ತೆಗೆದ ಮೇಲೂ ಪೊರೆ ಒಳಮುಖವಾಗಿ ಬೆಳೆಯುತ್ತ ಹೋಗಿ ಕಾಳು ಪೂರ್ತಿ ಗಟ್ಟಿಯಾಗುತ್ತಿತ್ತು. ಆದುದರಿಂದ ತಯಾರಾದ ಕೂಡಲೇ ಬಡಿಸಬೇಕಿತ್ತು. ಕ್ಯಾಲ್ಸಿಯಂ ಅನ್ನು ರಸಕ್ಕೆ ಸೇರಿಸಿ, ಆಲ್ಜಿನೇಟ್ ಅನ್ನು ನೀರಿನಲ್ಲಿ ಕರಗಿಸುವ ವಿಲೋಮ ಕ್ರಮದಿಂದ ಈ ತೊಡಕು ನೀಗಿತು. ಇದರಲ್ಲಿ ಪೊರೆ ಹೊರಮುಖವಾಗಿ ಬೆಳೆಯುವುದರಿಂದ, ನೀರಿನಿಂದ ತೆಗೆದು ತೊಳೆದೊಡನೆ ಬೆಳವಣಿಗೆ ನಿಲ್ಲುತ್ತದೆ.

2005ರ ‘ಗೋಳಾಕಾರದ ಆಲಿವ್’ ಈ ಕ್ರಮದಿಂದ ಹುಟ್ಟಿತು. ಹಸಿರು ಆಲಿವ್ ಕಾಯಿಗಳನ್ನು ಅರೆದು ಹಿಂಡಿದ ರಸವನ್ನು ಮತ್ತೆ ಆಲಿವ್ ಕಾಯಿಯ ಗಾತ್ರದ ಗುಂಡುಗಳನ್ನಾಗಿಸಿ, ಸುವಾಸನೆಯ ಎಲೆ ಮತ್ತು ಸಿಪ್ಪೆಗಳಿರುವ ಎಣ್ಣೆಯ ಗಾಜಿನ ಭರಣಿಯಲ್ಲಿ ಇಡಲಾಗುತ್ತಿತ್ತು. ಮೇಜಿನ ಬಳಿ ಭರಣಿ ತೆರೆದು ಒಂದೊಂದನ್ನೇ ಚಮಚದಲ್ಲಿ ಎತ್ತಿಕೊಡುತ್ತಿದ್ದರು. ನೋಡಲು ಸ್ಪೇನಿನ ಯಾವುದೇ ಹೋಟೆಲಿನಲ್ಲಿ ಸಿಗುವ ಆಲಿವ್ ಕಾಯಿಯಂತಿದ್ದ ಅದು ನಾಲಿಗೆಯ ಮೇಲೆ ಒಡೆದು ರಸವಾಗಿ ಹರಡುತ್ತಿತ್ತು. ಎಲ್ ಬುಲ್ಲಿಯಲ್ಲಿ ಉಂಡವರು ಬರೆದ ನೆನಪುಗಳಲ್ಲಿ ಅತಿ ಹೆಚ್ಚು ಬಾರಿ ಬರುವ ಖಾದ್ಯಗಳಲ್ಲಿ ಇದೂ ಒಂದು.

### ಇತರ ಖಾದ್ಯಗಳು

ಕಡಲಕಳೆಯಿಂದಲೇ ಬರುವ, ಭಾರತದಲ್ಲಿ ಚೈನಾ ಗ್ರಾಸ್ ಎಂದು ಪರಿಚಿತವಾಗಿರುವ ಅಗರ್ ಬಳಸಿ ಬಿಸಿಯಾಗಿ ತಿನ್ನಬಹುದಾದ ಜೆಲ್ಲಿಯನ್ನು 1998ರಲ್ಲಿ ರೂಪಿಸಲಾಯಿತು. ಜೆಲಟಿನ್ ಬಿಸಿಗೆ ಬೇಗ ಕರಗುವುದರಿಂದ ಇದು ಮೊದಲು ಸಾಧ್ಯವಿರಲಿಲ್ಲ. ಪಾರ್ಮೆಸಾನ್ ಚೀಸಿನ ರಸಕ್ಕೆ ಅಗರ್ ಸೇರಿಸಿ ಕೊಳವೆಯಲ್ಲಿ ಹೆಪ್ಪುಗಟ್ಟಿಸಿ ತೆಗೆದ, ಎರಡು ಮೀಟರ್ ಉದ್ದದ ಒಂದೇ ಎಳೆಯ ಸ್ಪಗೆಟ್ಟಿ ಇದೇ ತಂತ್ರದ ಫಲ.

## ಅತಿಥಿಗಳ ಅನುಭವ ಮತ್ತು ದಾಖಲೀಕರಣ

ಎಲ್ ಬುಲ್ಲಿಯ ಅಡುಗೆತಂಡ ತನ್ನ ಕೆಲಸವನ್ನು ವಿವರಿಸಲು 23 ಅಂಶಗಳ ಸಾರಸಂಗ್ರಹವೊಂದನ್ನು ಸಿದ್ಧಪಡಿಸಿತ್ತು. ಐದು ಇಂದ್ರಿಯಗಳ ಜೊತೆಗೆ ವಿನೋದ, ಅಚ್ಚರಿ ಮತ್ತು ಬಾಲ್ಯದ ನೆನಪುಗಳಿಗೆ ಸ್ಪಂದಿಸುವ ‘ಆರನೆಯ ಇಂದ್ರಿಯ’ವೂ ಊಟದಲ್ಲಿ ಪಾಲ್ಗೊಳ್ಳುತ್ತದೆ ಎಂಬುದು ಅದರ ಮುಖ್ಯ ಅಂಶಗಳಲ್ಲಿ ಒಂದು. ತಂಡವು ಪ್ರತಿ ಖಾದ್ಯಕ್ಕೂ ಕ್ರಮಸಂಖ್ಯೆ ನೀಡಿ, ಛಾಯಾಚಿತ್ರ, ಪಾಕವಿಧಾನ ಹಾಗೂ ಅದು ಹುಟ್ಟಿದ ವರ್ಷದೊಂದಿಗೆ ಬೃಹತ್ ಸಂಪುಟಗಳಲ್ಲಿ ಪ್ರಕಟಿಸಿತು. ಸಂಗೀತಗಾರರು ಅಥವಾ ಚಿತ್ರಕಾರರ ಸಮಗ್ರ ಕೃತಿಸೂಚಿಗಳನ್ನು ಹೋಲುವ ಇಂತಹ ದಾಖಲೆ ರೆಸ್ಟೋರೆಂಟುಗಳ ಇತಿಹಾಸದಲ್ಲಿ ಅಪರೂಪ.

ಉಣ್ಣುವವರ ದೃಷ್ಟಿಯಿಂದ ನಡೆದ ಮುಖ್ಯ ದಾಖಲೀಕರಣ 2007ರದು. ಆ ವರ್ಷ ಜರ್ಮನಿಯ ಕಾಸೆಲ್ ನಗರದಲ್ಲಿ ನಡೆದ ಡಾಕ್ಯುಮೆಂಟಾ 12 ಸಮಕಾಲೀನ ಕಲಾಪ್ರದರ್ಶನಕ್ಕೆ ಅಡ್ರಿಯಾ ಅವರನ್ನು ಕಲಾವಿದರಾಗಿ ಆಹ್ವಾನಿಸಲಾಗಿತ್ತು. ತಮ್ಮ ಅಡುಗೆಯನ್ನು ಅದರ ಸ್ಥಳದಿಂದ ಬೇರ್ಪಡಿಸಿ ಪ್ರದರ್ಶಿಸಲಾಗದೆಂದು ಅವರು ಭಾವಿಸಿದ್ದರಿಂದ, ಎಲ್ ಬುಲ್ಲಿಯನ್ನೇ ಪ್ರದರ್ಶನದ ಒಂದು ಮಂಟಪವೆಂದು ಘೋಷಿಸಲಾಯಿತು. ಪ್ರದರ್ಶನ ನಡೆದ ನೂರು ದಿನಗಳ ಅವಧಿಯಲ್ಲಿ, ಆಯ್ದ ವೀಕ್ಷಕರನ್ನು ಇಬ್ಬಿಬ್ಬರಂತೆ ಕಾಲಾ ಮೊಂಟ್‌ಜೋಯ್‌ಗೆ ಕಳುಹಿಸಿ ಊಟ ನೀಡಲಾಯಿತು. ಊಟದ ನಂತರ ಅವರು ವ್ಯಕ್ತಪಡಿಸಿದ ಅನಿಸಿಕೆಗಳನ್ನು ಕಲಾವಿದ ರಿಚರ್ಡ್ ಹ್ಯಾಮಿಲ್ಟನ್ ಮತ್ತು ಕಲಾ ಸಂಗ್ರಹಾಲಯಗಳ ನಿರ್ದೇಶಕ ವಿಸೆಂಟೆ ಟೊಡೊಲಿ ಸಂಪಾದಿಸಿದ ಗ್ರಂಥದಲ್ಲಿ ಸೇರಿಸಲಾಗಿದೆ. ಸಮೀಪದ ಕಡಾಕೆಸ್ ಊರಿನಲ್ಲಿ ಬೇಸಿಗೆಗಳನ್ನು ಕಳೆಯುತ್ತಿದ್ದ ಹ್ಯಾಮಿಲ್ಟನ್ ಸ್ವತಃ ಎಲ್ ಬುಲ್ಲಿಯ ದಶಕಗಳ ಅತಿಥಿಯಾಗಿದ್ದರು.

ಅಡುಗೆಯವರೊಬ್ಬರಿಗೆ ಕಲಾಪ್ರದರ್ಶನದಲ್ಲಿ ಸ್ಥಾನ ನೀಡಿದ್ದು ವಿವಾದಕ್ಕೂ ಕಾರಣವಾಯಿತು. ಅಡುಗೆ ಕಲೆಯೇ ಎಂಬ ಪ್ರಶ್ನೆಗೆ ಒಮ್ಮತದ ಉತ್ತರ ದೊರೆಯಲಿಲ್ಲ. ಅನುಭವಕಥನಗಳಲ್ಲಿಯೂ ಅಭಿಪ್ರಾಯ ಒಂದೇ ಬಗೆಯದಲ್ಲ. ಗುಡ್ಡದ ತಿರುವುರಸ್ತೆ, ಅಡುಗೆಮನೆಯ ಸ್ವಾಗತ, ಬಾಯಲ್ಲಿ ಒಡೆಯುವ ಆಲಿವ್ ಮತ್ತು ಮೇಜಿನ ಸುತ್ತಲಿನ ನಗುವನ್ನು ಹಲವರು ನೆನೆದರೆ, ಖಾದ್ಯಗಳ ಉದ್ದನೆಯ ಸಾಲಿನಿಂದ ದಣಿವಾಯಿತೆಂದೂ, ಅಚ್ಚರಿಯ ಮುಂದೆ ತೃಪ್ತಿ ಹಿಂದಾಯಿತೆಂದೂ ಬರೆದವರಿದ್ದಾರೆ.

## ಟೀಕೆಗಳು

ಅಡ್ರಿಯಾ ಅವರ ಅಡುಗೆಯನ್ನು ‘ಅಣ್ವಿಕ ಪಾಕಶಾಸ್ತ್ರ’ ಎಂದು ಕರೆಯುವ ರೂಢಿಯಿದೆ. ಅವರು ಈ ಹೆಸರನ್ನು ಒಪ್ಪಲಿಲ್ಲ. 2006ರಲ್ಲಿ ಹೆಸ್ಟನ್ ಬ್ಲೂಮೆಂಥಾಲ್, ಥಾಮಸ್ ಕೆಲ್ಲರ್ ಮತ್ತು ಲೇಖಕ ಹೆರಾಲ್ಡ್ ಮೆಕ್‌ಗೀ ಅವರೊಂದಿಗೆ ಹೊರಡಿಸಿದ ಹೇಳಿಕೆಯಲ್ಲಿ, ಹೊಸ ಉಪಕರಣಗಳು ಮತ್ತು ಪದಾರ್ಥಗಳು ಸಾಧನಗಳೇ ಹೊರತು ಗುರಿಯಲ್ಲವೆಂದು ಸ್ಪಷ್ಟಪಡಿಸಿದರು.

2008ರಲ್ಲಿ ಕ್ಯಾಟಲೋನಿಯಾದವರೇ ಆದ, ಮೂರು ನಕ್ಷತ್ರಗಳ ಗೌರವ ಪಡೆದಿದ್ದ ಬಾಣಸಿಗ ಸಾಂಟಿ ಸಾಂಟಮರಿಯಾ ಈ ಬಗೆಯ ಅಡುಗೆಯನ್ನು ಬಹಿರಂಗವಾಗಿ ಖಂಡಿಸಿದರು. ಮೀಥೈಲ್‌ಸೆಲ್ಯುಲೋಸ್ ಮೊದಲಾದ ಸಂಯೋಜಕಗಳ ಬಳಕೆಯನ್ನು ಪ್ರಶ್ನಿಸಿದ ಅವರು, ನೆಲದ ಪದಾರ್ಥ ಮತ್ತು ಪರಂಪರೆಗೆ ಮರಳಬೇಕೆಂದು ವಾದಿಸಿದರು. ಎಲ್ ಬುಲ್ಲಿಯ ಪರ ನಿಂತವರು, ಆ ಪದಾರ್ಥಗಳು ಆಹಾರೋದ್ಯಮದಲ್ಲಿ ಅನುಮತಿ ಪಡೆದವು ಮತ್ತು ಅತ್ಯಲ್ಪ ಪ್ರಮಾಣದಲ್ಲಿ ಬಳಕೆಯಾಗುವಂಥವು ಎಂದು ಉತ್ತರಿಸಿದರು. ಈ ಚರ್ಚೆ ಸ್ಪೇನಿನ ಬಾಣಸಿಗರನ್ನು ಎರಡು ಪಕ್ಷಗಳಾಗಿ ಒಡೆಯಿತು.

ಇನ್ನೊಂದು ಟೀಕೆ ಶ್ರಮಕ್ಕೆ ಸಂಬಂಧಿಸಿದ್ದು. ಅಡುಗೆಮನೆಯಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಹಲವು ದೇಶಗಳಿಂದ ಕಲಿಯಲು ಬಂದ ತರಬೇತುದಾರರಾಗಿದ್ದರು. ಅವರಿಗೆ ವಸತಿ ಮತ್ತು ಆಹಾರ ದೊರೆಯುತ್ತಿತ್ತು, ಸಂಬಳವಿರಲಿಲ್ಲ. ದಿನಕ್ಕೆ ಹಲವು ಗಂಟೆಗಳ ಕಾಲ ಒಂದೇ ಬಗೆಯ ಸೂಕ್ಷ್ಮ ಕೆಲಸವನ್ನು ಮಾಡಬೇಕಾಗುತ್ತಿತ್ತು. ಪತ್ರಕರ್ತೆ ಲೀಸಾ ಅಬೆಂಡ್ 2009ರ ಋತುವಿನ ತರಬೇತುದಾರರ ದಿನಚರಿಯನ್ನು ಕುರಿತು ಬರೆದ ಪುಸ್ತಕ 2011ರಲ್ಲಿ ಪ್ರಕಟವಾಯಿತು. ದುಬಾರಿ ಊಟದ ಹಿಂದೆ ವೇತನವಿಲ್ಲದ ದುಡಿಮೆ ಇರಬಹುದೇ ಎಂಬ ಪ್ರಶ್ನೆ ಮುಂದೆ ಇತರ ದೇಶಗಳ ರೆಸ್ಟೋರೆಂಟುಗಳ ವಿಷಯದಲ್ಲಿಯೂ ಎದ್ದಿತು.

## ಮುಚ್ಚುಗಡೆ

ಅಪಾರ ಬೇಡಿಕೆಯಿದ್ದರೂ ರೆಸ್ಟೋರೆಂಟ್ ಲಾಭದಲ್ಲಿರಲಿಲ್ಲ. ಅರ್ಧ ವರ್ಷ ಮಾತ್ರ ತೆರೆದಿರುತ್ತಿದ್ದುದು, ಅತಿಥಿಗಳ ಸಂಖ್ಯೆಗೆ ಸಮನಾದ ಅಡುಗೆತಂಡ ಮತ್ತು ಪ್ರಯೋಗಗಳ ವೆಚ್ಚ ಇದಕ್ಕೆ ಕಾರಣಗಳು. ಪುಸ್ತಕಗಳು, ಉಪನ್ಯಾಸಗಳು ಮತ್ತು ಕಂಪನಿಗಳಿಗೆ ನೀಡುತ್ತಿದ್ದ ಸಲಹೆಯಿಂದ ಬಂದ ಆದಾಯ ನಷ್ಟವನ್ನು ತುಂಬುತ್ತಿತ್ತು. ರೆಸ್ಟೋರೆಂಟನ್ನು ನಿಲ್ಲಿಸುವ ನಿರ್ಧಾರವನ್ನು ಅಡ್ರಿಯಾ 2010ರಲ್ಲಿ ಪ್ರಕಟಿಸಿದರು.

2011ರ ಜುಲೈ 30ರ ರಾತ್ರಿಯ ಅಂತಿಮ ಭೋಜನದ ಕೊನೆಯ ಖಾದ್ಯ ‘ಪೀಚ್ ಮೆಲ್ಬಾ’ದ ಹೊಸ ರೂಪ. ಪೀಚ್ ಹಣ್ಣು ಮತ್ತು ಐಸ್‌ಕ್ರೀಮಿನ ಆ ಸಿಹಿಯನ್ನು ಫ್ರೆಂಚ್ ಬಾಣಸಿಗ ಆಗಸ್ಟ್ ಎಸ್ಕೊಫಿಯೆ ಲಂಡನ್ನಿನ ಸವಾಯ್ ಹೋಟೆಲಿನಲ್ಲಿದ್ದಾಗ ಗಾಯಕಿ ನೆಲ್ಲಿ ಮೆಲ್ಬಾ ಅವರಿಗಾಗಿ ರೂಪಿಸಿದ್ದರು. ಎಲ್ ಬುಲ್ಲಿಯ ಕೃತಿಸೂಚಿಯಲ್ಲಿ ಅದರ ಹೊಸ ರೂಪಕ್ಕೆ ದೊರೆತ ಕ್ರಮಸಂಖ್ಯೆ 1846. ಆಧುನಿಕ ಫ್ರೆಂಚ್ ಪಾಕಶಾಸ್ತ್ರವನ್ನು ವ್ಯವಸ್ಥಿತಗೊಳಿಸಿದ ಎಸ್ಕೊಫಿಯೆ ಜನಿಸಿದ್ದು 1846ರಲ್ಲಿ.

ಎಲ್ ಬುಲ್ಲಿಯ ವೈನ್ ಸಂಗ್ರಹವನ್ನು 2013ರಲ್ಲಿ ಹಾಂಗ್‌ಕಾಂಗ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಹರಾಜು ಹಾಕಲಾಯಿತು. ಜೂಲಿ ಸೊಲೆರ್ 2015ರಲ್ಲಿ ನಿಧನರಾದರು. ಹಳೆಯ ಕಟ್ಟಡವನ್ನು ವಿಸ್ತರಿಸಿ ನಿರ್ಮಿಸಿದ ‘ಎಲ್ ಬುಲ್ಲಿ 1846’ ಎಂಬ ಸಂಗ್ರಹಾಲಯ 2023ರ ಜೂನ್‌ನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಡುಗೆಮನೆ ಮತ್ತು ಊಟದ ಕೋಣೆಗಳನ್ನು ಅಲ್ಲಿ ನೋಡಬಹುದು, ಊಟ ಬಡಿಸುವುದಿಲ್ಲ.

## ಪ್ರಭಾವ

ಎಲ್ ಬುಲ್ಲಿಯಲ್ಲಿ ಕೆಲಸ ಮಾಡಿದ ಅಥವಾ ತರಬೇತಿ ಪಡೆದ ಅನೇಕರು ಮುಂದೆ ಹೆಸರಾಂತ ಬಾಣಸಿಗರಾದರು. ಡೆನ್ಮಾರ್ಕಿನ ರೆನೆ ರೆಡ್ಜೆಪಿ, ಇಟಲಿಯ ಮಾಸ್ಸಿಮೊ ಬೊಟ್ಟುರಾ, ಅಮೆರಿಕದಲ್ಲಿ ನೆಲೆಸಿದ ಹೋಸೆ ಆಂದ್ರೆಸ್ ಮತ್ತು ಬಾಸ್ಕ್ ಪ್ರಾಂತ್ಯದ ಆಂದೋನಿ ಲೂಯಿಸ್ ಅಡುರಿಸ್ ಇವರಲ್ಲಿ ಕೆಲವರು. ಅಡ್ರಿಯಾ ಅವರ ನಿಕಟ ಸಹಾಯಕರಾಗಿದ್ದ ಓರಿಯೋಲ್ ಕಾಸ್ಟ್ರೊ, ಎಡ್ವರ್ಡ್ ಶಾಟ್ರುಕ್ ಮತ್ತು ಮಟೆಯು ಕಸಾನ್ಯಾಸ್ 2014ರಲ್ಲಿ ಬಾರ್ಸಿಲೋನಾದಲ್ಲಿ ಆರಂಭಿಸಿದ ‘ಡಿಸ್‌ಫ್ರುಟಾರ್’ 2024ರಲ್ಲಿ ಐವತ್ತು ಶ್ರೇಷ್ಠ ರೆಸ್ಟೋರೆಂಟುಗಳ ಪಟ್ಟಿಯ ಮೊದಲ ಸ್ಥಾನ ಪಡೆಯಿತು.

ಭಾರತೀಯ ಅಡುಗೆಯ ಮೇಲೂ ಈ ಪ್ರಭಾವ ಕಾಣುತ್ತದೆ. ಕೋಲ್ಕತ್ತಾ ಮೂಲದ ಗಗನ್ ಆನಂದ್ ಎಲ್ ಬುಲ್ಲಿಯ ತಂಡದ ಬಳಿ ತರಬೇತಿ ಪಡೆದು, 2010ರಲ್ಲಿ ಬ್ಯಾಂಕಾಕ್ ನಗರದಲ್ಲಿ ‘ಗಗನ್’ ರೆಸ್ಟೋರೆಂಟ್ ತೆರೆದರು. ಚಾಟ್ ತಿನಿಸಿನ ರುಚಿಯ ಮೊಸರನ್ನು ಗೋಳೀಕರಣದಿಂದ ಒಂದೇ ತುತ್ತಿನ ಗುಂಡಾಗಿಸಿದ ಖಾದ್ಯ ಅಲ್ಲಿನ ಗುರುತಾಯಿತು. 2015ರಿಂದ 2018ರವರೆಗೆ ಸತತ ನಾಲ್ಕು ವರ್ಷ ಆ ರೆಸ್ಟೋರೆಂಟ್ ಏಷ್ಯಾದ ಐವತ್ತು ಶ್ರೇಷ್ಠ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು.

ಅಡುಗೆ ಮತ್ತು ವಿಜ್ಞಾನದ ಸಂಬಂಧವನ್ನು ಬೋಧಿಸುವ ಪಠ್ಯಕ್ರಮವೊಂದನ್ನು ಹಾರ್ವರ್ಡ್ ವಿಶ್ವವಿದ್ಯಾಲಯವು 2010ರಲ್ಲಿ ಆರಂಭಿಸಿದಾಗ ಅಡ್ರಿಯಾ ಅದರ ಉಪನ್ಯಾಸಕರಲ್ಲಿ ಒಬ್ಬರಾಗಿದ್ದರು. ಎಲ್ ಬುಲ್ಲಿಯ ಕಾರ್ಯಾಗಾರ ಮತ್ತು ಅಡುಗೆಮನೆಯ ಒಂದು ಋತುವನ್ನು ಚಿತ್ರೀಕರಿಸಿದ ಗೆರಿಯೋನ್ ವೆಟ್ಸೆಲ್ ನಿರ್ದೇಶನದ ಜರ್ಮನ್ ಸಾಕ್ಷ್ಯಚಿತ್ರ, ಕೆಲವು ಖಾದ್ಯಗಳು ಮೊದಲ ಪ್ರಯೋಗದಿಂದ ಅತಿಥಿಯ ಮೇಜಿನವರೆಗೆ ಬರುವ ದಾರಿಯನ್ನು ತೋರಿಸುತ್ತದೆ.